ಮೊಬೈಲ್‌ನಲ್ಲಿ ಸಿಗುವ ವೈದ್ಯರನ್ನು ಎಷ್ಟು ನಂಬಬೇಕು?



ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧ ದಾನ ಮಾಡುವ ಭಾವನೆಯಿಂದ ಬನಶಂಕರಿಯ ನಾವು ಕೆಲವರು, ಮಕ್ಕಳು ದೂರದಲ್ಲಿರುವ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತೇವೆ. ಈಚೆಗೆ ಅವರಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದೇ: "ಮೊಬೈಲ್‌ನಲ್ಲೇ ಡಾಕ್ಟರ್ ಸಿಗ್ತಾರಂತೆ, ಮಗ ಅಲ್ಲಿಂದಲೇ ಬುಕ್ ಮಾಡಿಕೊಡ್ತಾನೆ. ನಂಬಬಹುದಾ?"

ನಮ್ಮ ಮನೆಯಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇನೆ. ದಶಲಕ್ಷಣ ಪರ್ವದಲ್ಲಿ ನಮ್ಮ ಭಾವನವರು ಒಪ್ಪೊತ್ತು ಮಾಡುತ್ತಿದ್ದರು. ಒಂದು ಸಂಜೆ ಎದೆ ಉರಿ, ಬೆವರು. ಮಗ ಮೊಬೈಲ್‌ನಲ್ಲಿ ವೈದ್ಯರನ್ನು ಹಿಡಿದು ಮಾತನಾಡಿಸಿದ. ಆ ವೈದ್ಯರು ಎರಡೇ ನಿಮಿಷದಲ್ಲಿ, "ಇದನ್ನು ನಾನು ಇಲ್ಲಿಂದ ಹೇಳಲು ಆಗುವುದಿಲ್ಲ, ಈಗಲೇ ಹೋಗಿ ಇಸಿಜಿ ಮಾಡಿಸಿ" ಎಂದರು. ನಾವೋ, ಡಾಕ್ಟರ ಹತ್ತಿರ ಮಾತನಾಡಿದ್ದಾಯಿತಲ್ಲ ಎಂಬ ಸಮಾಧಾನದಲ್ಲಿ, ಹೊಟ್ಟೆ ಖಾಲಿ ಇದ್ದದ್ದಕ್ಕೆ ಗ್ಯಾಸ್ ಇರಬೇಕು, ಬೆಳಿಗ್ಗೆ ಪೂಜೆ ಮುಗಿಸಿ ಹೋಗೋಣ ಎಂದು ಕುಳಿತೆವು. ರಾತ್ರಿ ನೋವು ಹೆಚ್ಚಾದಾಗ ಓಡಿದೆವು. ಅದು ಹೃದಯಾಘಾತವಾಗಿತ್ತು. ಭಾವನವರು ಉಳಿದರು. ಆದರೆ ತಡವಾದ ಆ ಕೆಲವು ಗಂಟೆಗಳಿಂದ ಹೃದಯದ ಶಕ್ತಿ ಕುಗ್ಗಿತು. ಮೊಬೈಲ್ ವೈದ್ಯರು ತಪ್ಪಲಿಲ್ಲ, ನಾವು ತಪ್ಪಿದೆವು.

ದೂರದ ವೈದ್ಯ ಹೊಸದಲ್ಲ

2002ರ ಸುಮಾರಿಗೇ ಇಸ್ರೋ ಉಪಗ್ರಹದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾಸ್ಪತ್ರೆಗೆ ಜೋಡಿಸಿದ್ದರು. ಇಂದು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಇವುಗಳಲ್ಲಿ ಒಂದು ವಿಷಯ ಗಮನಿಸಿ. ತಜ್ಞರು ದೂರದಲ್ಲಿದ್ದರೂ ರೋಗಿಯ ಪಕ್ಕದಲ್ಲಿ ನರ್ಸ್ ಇದ್ದಾರೆ, ವೈದ್ಯರಿದ್ದಾರೆ, ಯಂತ್ರ ಇದೆ. ಮನೆಯ ಸೋಫಾದ ಮೇಲೆ ಕುಳಿತು ಮೊಬೈಲ್ ಹಿಡಿದಾಗ ಇವು ಯಾವುವೂ ಇಲ್ಲ. ನಾಡಿ ಹಿಡಿಯುವವರಿಲ್ಲ, ಹೊಟ್ಟೆ ಒತ್ತಿ ನೋಡುವವರಿಲ್ಲ, ಸ್ಟೆತಸ್ಕೋಪ್ ಇಲ್ಲ. ವೈದ್ಯರಿಗೆ ಸಿಗುವುದು ನಾವು ಹೇಳಿದ ಮಾತು ಮತ್ತು ಕಾಣುವ ಮುಖ ಮಾತ್ರ.

ಆದ್ದರಿಂದ "ನಂಬಬಹುದಾ" ಎನ್ನುವುದಕ್ಕಿಂತ "ಈ ತೊಂದರೆಯನ್ನು ಮುಟ್ಟಿ ನೋಡಬೇಕಾ, ಮಾತಿನಲ್ಲಿ ಮುಗಿಯುತ್ತಾ" ಎಂದು ಕೇಳಿಕೊಳ್ಳುವುದೇ ಸರಿ.

ಮೊಬೈಲ್ ಸಾಕಾಗುವುದು: ಈಗಾಗಲೇ ನೋಡಿರುವ ವೈದ್ಯರಿಗೆ ಬಿ.ಪಿ., ಸಕ್ಕರೆಯ ಲೆಕ್ಕ ಹೇಳುವುದು, ರಕ್ತ ಪರೀಕ್ಷೆಯ ವರದಿ ತೋರಿಸುವುದು, ಹಳೆಯ ಮಾತ್ರೆ ಮುಂದುವರಿಸಬೇಕೇ ಎಂದು ಕೇಳುವುದು, ಸಾಮಾನ್ಯ ನೆಗಡಿ, ಎರಡನೆಯ ಅಭಿಪ್ರಾಯ ಪಡೆಯುವುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ನೇರ ಆಸ್ಪತ್ರೆಗೇ ಹೋಗಬೇಕಾದದ್ದು: ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸ್ವಾಧೀನ ತಪ್ಪುವುದು, ತಲೆಗೆ ಪೆಟ್ಟು, ತೀವ್ರ ಹೊಟ್ಟೆನೋವು, ರಕ್ತಸ್ರಾವ. ಇವುಗಳಿಗೆ ಮೊಬೈಲ್‌ನಲ್ಲಿ ವೈದ್ಯರನ್ನು ಹುಡುಕುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ನಿಯಮ ಏನು ಹೇಳುತ್ತದೆ

ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ನೋಂದಾಯಿತ ವೈದ್ಯರು ಮಾತ್ರ ದೂರದಿಂದ ಚಿಕಿತ್ಸೆ ಕೊಡಬಹುದು. ಔಷಧ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಲೇಬೇಕು. ಕೆಲವು ಔಷಧಗಳನ್ನು ಮೊದಲ ಸಲ ಬರೆಯಬೇಕಾದರೆ ವಿಡಿಯೊದಲ್ಲಿ ರೋಗಿಯನ್ನು ನೋಡಿರಬೇಕು. ಮಾದಕ ವಸ್ತು ಕಾಯ್ದೆಯಡಿ ಬರುವ ಔಷಧಗಳು ಮತ್ತು ಶೆಡ್ಯೂಲ್ ಎಕ್ಸ್ ಔಷಧಗಳಿಗೆ ಈ ಮಾರ್ಗಸೂಚಿಯಲ್ಲಿ ಅವಕಾಶ ಕೊಟ್ಟಿರಲಿಲ್ಲ. ಯಂತ್ರವೇ ರೋಗಿಗೆ ಔಷಧ ಬರೆದುಕೊಡುವಂತಿಲ್ಲ. "ನೇರವಾಗಿ ಬನ್ನಿ" ಎಂದು ಹೇಳುವ ಅಧಿಕಾರ ವೈದ್ಯರಿಗೆ ಯಾವಾಗಲೂ ಇದೆ. ಹಾಗೆ ಹೇಳುವವರೇ ನಂಬಿಕೆಗೆ ಹೆಚ್ಚು ಅರ್ಹರು ಎಂಬುದು ನನ್ನ ಅನುಭವ.

ಸರ್ಕಾರದ ಇ-ಸಂಜೀವನಿ ಸೇವೆ ಉಚಿತ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಯಾವುದೋ ನಂಬರಿಗೆ ಹಣ ಕಳಿಸಬೇಡಿ, ಒಟಿಪಿ ಹೇಳಬೇಡಿ. ಮೋಸ ಹೋದರೆ ಕೂಡಲೇ 1930ಕ್ಕೆ ದೂರು ಕೊಡಿ.

ನಮ್ಮ ಆಚರಣೆಯನ್ನು ನಾವೇ ಹೇಳಬೇಕು

ಬಡಾವಣೆಯ ಹಳೆಯ ವೈದ್ಯರಿಗೆ ನಾವು ಸೂರ್ಯಾಸ್ತದ ಮೊದಲೇ ಊಟ ಮುಗಿಸುತ್ತೇವೆ ಎಂದು ಗೊತ್ತು. ಮೊಬೈಲ್‌ನ ಹೊಸ ವೈದ್ಯರಿಗೆ ಗೊತ್ತಿರುವುದಿಲ್ಲ. ಅವರು "ರಾತ್ರಿ ಊಟದ ನಂತರ" ಎಂದು ಬರೆದರೆ ನಮ್ಮವರು ಒಂಬತ್ತು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಾರೆ, ಇಲ್ಲವೇ ರಾತ್ರಿ ನೀರು ಕುಡಿಯುವಂತಿಲ್ಲ ಎಂದು ಬಿಟ್ಟೇಬಿಡುತ್ತಾರೆ. ಎರಡೂ ಅಪಾಯ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಉಪವಾಸ ಮಾಡಿದರೆ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಪರ್ವ ಆರಂಭವಾಗುವ ಮೊದಲೇ ನಿಮ್ಮನ್ನು ಬಲ್ಲ ವೈದ್ಯರನ್ನು ನೇರವಾಗಿ ಕಂಡು ಔಷಧದ ಹೊತ್ತು, ಪ್ರಮಾಣ ಕೇಳಿಕೊಳ್ಳಿ. ಅನೇಕ ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಜನ್ಯ ಜೆಲಟಿನ್. ಬೇಡವೆನಿಸಿದರೆ ಮಾತ್ರೆಯೋ ಸಿರಪ್ಪೋ ಇದೆಯೇ ಎಂದು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಕೊನೆಯದಾಗಿ ಒಂದು ವಿನಂತಿ. ಪ್ರತಿ ಮನೆಯಲ್ಲೂ ಹಿರಿಯರ ಹೆಸರು, ವಯಸ್ಸು, ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಒಗ್ಗದ ಔಷಧ, ಊಟದ ಹೊತ್ತು, ಉಪವಾಸದ ಕ್ರಮ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ವೈದ್ಯರು ಮೊಬೈಲ್‌ನಲ್ಲಿರಲಿ, ಎದುರಿಗಿರಲಿ, ಅದನ್ನು ಓದಿ ಹೇಳಿ. ಅವರು "ಈಗಲೇ ಹೊರಡಿ" ಎಂದರೆ ಮರುಮಾತಿಲ್ಲದೆ ಹೊರಡಿ. ಪೂಜೆಯನ್ನು ನಾಳೆಯೂ ಮಾಡಬಹುದು.