ಚಿತ್ರ ನೋಡಿ, ಹಕ್ಕಿಯ ಹೆಸರು ಹೇಳಿ!

ಹಿತ್ತಿಲ ನುಗ್ಗೆಮರದ ಮೇಲೆ ಕುಳಿತ ಹಕ್ಕಿಯನ್ನು ಕಣ್ಣೆದುರಿಗೆ ಕಂಡರೆ ನೀವು ತಡವರಿಸದೆ ಹೆಸರು ಹೇಳಬಲ್ಲಿರಿ. ಅದೇ ಹಕ್ಕಿಯ ಫೋಟೋವನ್ನು ಬೆನ್ನ ಕಡೆಯಿಂದಲೋ, ಬಿಸಿಲಿಗೆ ಎದುರಾಗಿಯೋ, ಎಲೆಗಳ ಮರೆಯಲ್ಲಿ ಬಾಲ ಮಾತ್ರ ಕಾಣುವಂತೆಯೋ ತೆಗೆದು ಮುಂದಿಟ್ಟರೆ? ಆಗ ಮನೆಯವರಲ್ಲೇ ನಾಲ್ಕು ಉತ್ತರ ಬರುತ್ತವೆ. ಮೊಬೈಲ್ ಮನೆಮನೆಗೂ ಬಂದಿರುವ ಈಗ ಇಂಥ ಚಿತ್ರಗಳಿಗೆ ಬರವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳ ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರವಂತೂ ಬಹುಪಾಲು ಕಪ್ಪು ನೆರಳೇ ಆಗಿರುತ್ತದೆ. ಮಳೆಗಾಲದ ಸಂಜೆ ಜಗಲಿಯಲ್ಲಿ ಕುಳಿತು ಆಡಲು ಇದಕ್ಕಿಂತ ಒಳ್ಳೆಯ ಆಟ ಬೇರೆ ಬೇಡ.

ಬೇಸಾಯಶಾಸ್ತ್ರದವನಿಗೆ ಹಕ್ಕಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಭತ್ತದ ಸಸಿಯನ್ನೇ ಹೋಲುವ ಕಳೆಹುಲ್ಲನ್ನು ಎಳೆಯದರಲ್ಲೇ ಕೀಳಬೇಕಾದರೆ ನೀವು ಏನು ನೋಡುತ್ತೀರಿ? ಬಣ್ಣವನ್ನಲ್ಲ, ಎತ್ತರವನ್ನಲ್ಲ. ಎಲೆ ಕಾಂಡವನ್ನು ಸೇರುವಲ್ಲಿ ನಾಲಗೆಯಂಥ ತೆಳು ಪೊರೆ ಇದೆಯೇ ಎಂದು ನೋಡುತ್ತೀರಿ. ಭತ್ತಕ್ಕೆ ಅದು ಇದೆ, ಆ ಕಳೆಗೆ ಇಲ್ಲ. ಹಕ್ಕಿಯ ಚಿತ್ರವನ್ನೂ ಹೀಗೆಯೇ ನೋಡಬೇಕು. ಬಣ್ಣ ಮೋಸ ಮಾಡುತ್ತದೆ. ಕೊಕ್ಕು, ಕಾಲು, ಬಾಲಗಳು ಅಷ್ಟಾಗಿ ಮೋಸ ಮಾಡುವುದಿಲ್ಲ.

ಆಟಕ್ಕೆ ಒಂದೇ ನಿಯಮ. ಮೊದಲು ಹೆಸರು ಹೇಳಕೂಡದು. ಗಾತ್ರ ಗುಬ್ಬಿಯಷ್ಟೋ, ಪಿಕಳಾರದಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ ಎಂಬುದನ್ನು ಹೇಳಬೇಕು. ಸಲೀಂ ಅಲಿಯವರು 1941ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಅನುಸರಿಸಿದ ಅಳತೆಗೋಲೂ ಇಂಥದೇ. ಚಿತ್ರದಲ್ಲಿ ಗಾತ್ರ ತಿಳಿಯದಿದ್ದರೆ ಪಕ್ಕದ ವಸ್ತುವನ್ನು ನೋಡಿ. ಅಡಿಕೆ ಗೊನೆಯ ಮೇಲೆ ಕುಳಿತಿದ್ದರೆ ಒಂದು ಅಡಿಕೆಯೇ ಅಳತೆಗೋಲಾಗುತ್ತದೆ. ಬಳಿಕ ಕೊಕ್ಕು, ಕಾಲು, ಬಾಲ. ಕೊನೆಗೆ ಯಾವ ತಿಂಗಳು, ಎಲ್ಲಿ ಎಂಬ ಪ್ರಶ್ನೆ. ಹೆಸರು ಆಮೇಲೆ.

ಈಗ ಕೆಲವು ಚಿತ್ರಗಳನ್ನು ಮಾತಿನಲ್ಲೇ ಬರೆದು ತೋರಿಸುತ್ತೇನೆ. ಉತ್ತರ ಓದುವ ಮೊದಲು ನೀವೂ ಊಹಿಸಿ.

ಹಲಸಿನ ಮರದ ಕೊಂಬೆ. ಪಾರಿವಾಳದಷ್ಟು ದೊಡ್ಡ ಹಕ್ಕಿ. ಬೂದು ಬೆನ್ನು, ಎದೆಯಲ್ಲಿ ಕೆಂಗಂದು, ಉದ್ದ ಬಾಲದ ಮೇಲೆ ಅಡ್ಡಪಟ್ಟೆಗಳು. ಹತ್ತರಲ್ಲಿ ಎಂಟು ಜನ ‘ಗಿಡುಗ’ ಎನ್ನುತ್ತಾರೆ. ಕೋಳಿ ಸಾಕಿದವರು ಕಲ್ಲು ಹುಡುಕುತ್ತಾರೆ. ಸ್ವಲ್ಪ ತಾಳಿ, ಕೊಕ್ಕನ್ನು ನೋಡಿ. ಶಿಕ್ರಾ ಎಂಬ ಸಣ್ಣ ಗಿಡುಗನದಾದರೆ ಅದು ಕೊಕ್ಕೆಯಂತೆ ಕೆಳಕ್ಕೆ ಬಾಗಿರಬೇಕು. ಹಳದಿ ಕಾಲು ಉದ್ದವಾಗಿ, ಉಗುರು ಚೂಪಾಗಿರಬೇಕು. ಚಿತ್ರದಲ್ಲಿ ಕೊಕ್ಕು ಬಹುಮಟ್ಟಿಗೆ ನೇರವಾಗಿದ್ದು ಕಾಲು ಗಿಡ್ಡವಾಗಿದೆ, ಕಣ್ಣಿನ ಸುತ್ತ ಹಳದಿ ಬಳೆ ಇದೆ. ಇದು ಗಿಡುಗನ ವೇಷ ತೊಟ್ಟ ಕೋಗಿಲೆ ಜಾತಿಯ ಹಕ್ಕಿ. ಬೇಸಗೆಯಲ್ಲಿ ಹಗಲೂ ರಾತ್ರಿ ಸ್ವರವನ್ನು ಮೇಲಕ್ಕೇರಿಸುತ್ತಾ ಹೋಗಿ, ಥಟ್ಟನೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಕೂಗುವುದು ಇದೇ. ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ತನ್ನ ಮರಿಯನ್ನು ಅವುಗಳಿಂದ ಸಾಕಿಸುತ್ತದೆ. ಹಾರುವ ರೀತಿಯೂ ಗಿಡುಗನದೇ: ನಾಲ್ಕು ಸಲ ರೆಕ್ಕೆ ಬಡಿದು ತೇಲುವುದು. ಸಣ್ಣ ಹಕ್ಕಿಗಳೇ ಮೋಸಹೋಗಿ ಗದ್ದಲವೆಬ್ಬಿಸುವಾಗ ನಾವು ಮೋಸಹೋದದ್ದು ಹೆಚ್ಚಲ್ಲ.

ಆದರೆ ಇಲ್ಲಿ ತಪ್ಪಿನ ಬೆಲೆ ದೊಡ್ಡದು. ಬೇರೆ ಹಕ್ಕಿಗಳು ಬಹುಮಟ್ಟಿಗೆ ಮುಟ್ಟದೆ ಬಿಡುವ ಕಂಬಳಿಹುಳುಗಳನ್ನು ಈ ಕೋಗಿಲೆ ತಿನ್ನುತ್ತದೆ. ಕೋಳಿಮರಿಯ ಗೋಜಿಗೇ ಹೋಗುವುದಿಲ್ಲ. ಗಿಡುಗನೆಂದು ಇದನ್ನು ಹೊಡೆದವರು ತಮ್ಮ ಕೂಲಿಯಾಳನ್ನೇ ಓಡಿಸಿದಂತೆ. ನಿಜವಾದ ಶಿಕ್ರಾ ಆಗೊಮ್ಮೆ ಈಗೊಮ್ಮೆ ಮರಿಯನ್ನು ಎತ್ತುವುದುಂಟು. ಆದರೂ ಅದರ ಊಟದಲ್ಲಿ ಓತಿ, ಇಲಿ, ದೊಡ್ಡ ಮಿಡತೆಗಳೂ ಸೇರಿವೆ. ಮರಿಗಳಿಗೆ ಬಲೆ ಹೊದಿಸಿದ ಗೂಡು ಮಾಡಿದರೆ ಕಲ್ಲೂ ಬೇಡ, ಕೋವಿಯೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಗಿಡುಗನನ್ನು ಕೊಲ್ಲುವುದು ಅಪರಾಧವೆಂಬುದೂ ನೆನಪಿರಲಿ.

ಮುಂದಿನದು ತಂತಿಯ ಮೇಲೆ ಕುಳಿತ ಕಪ್ಪು ಹಕ್ಕಿ. ಬಾಲ ಚಿತ್ರದ ಚೌಕಟ್ಟಿನಿಂದ ಹೊರಗಿದೆ. ಕಾಜಾಣವೋ, ಭೀಮರಾಜನೋ? ಬಾಲದ ತುದಿಯ ಎರಡು ಸೌಟುಗಳಿಂದಲೇ ಭೀಮರಾಜನನ್ನು ಗುರುತಿಸುವ ನಮಗೆ ಇದು ಕಷ್ಟ. ಗರಿ ಉದುರುವ ಕಾಲದಲ್ಲಿ ಆ ಸೌಟುಗಳು ಹೇಗೂ ಇರುವುದಿಲ್ಲ. ಹಣೆಯನ್ನು ನೋಡಿ. ಕೊಕ್ಕಿನ ಬುಡದಲ್ಲಿ ಗರಿಗಳ ಜುಟ್ಟು ಎದ್ದು ನಿಂತಿದ್ದರೆ ಭೀಮರಾಜ. ಜುಟ್ಟಿಲ್ಲದೆ, ಬಾಯಿಯ ಮೂಲೆಯಲ್ಲಿ ಬಿಳಿ ಚುಕ್ಕೆ ಇದ್ದರೆ ಕಾಜಾಣ. ಹಾರುವ ಕೀಟಗಳನ್ನು ಹಿಡಿಯುವುದರಲ್ಲಿ ಎರಡೂ ಗಟ್ಟಿಗರು. ಗದ್ದೆಯಲ್ಲಿ ಕಾಜಾಣ ಕೂರಲೆಂದು ಅಡ್ಡಪಟ್ಟಿಯ ಕೋಲುಗಳನ್ನು ನೆಡಿ. ಕಾಳು ಕಟ್ಟುವ ಹೊತ್ತಿಗೆ ಅವನ್ನು ಕಿತ್ತುಬಿಡಿ. ಇಲ್ಲವಾದರೆ ಅದೇ ಕೋಲಿನ ಮೇಲೆ ಗಿಳಿ, ರಾಟವಾಳಗಳು ಬಂದು ಕೂರುತ್ತವೆ.

ಎರಡು ಚಿತ್ರ ಒಟ್ಟಿಗೆ ಕೊಡುತ್ತೇನೆ. ಒಂದರಲ್ಲಿ ಗದ್ದೆಯ ಬದುವಿನ ಮೇಲೆ ಕೆಸರಿನ ಬಣ್ಣದ ಹಕ್ಕಿ ಕುತ್ತಿಗೆ ಎಳೆದುಕೊಂಡು ಕುಳಿತಿದೆ. ಇನ್ನೊಂದರಲ್ಲಿ ಅದೇ ಬದುವಿನಿಂದ ಅಚ್ಚ ಬಿಳಿ ರೆಕ್ಕೆಯ ಹಕ್ಕಿ ಹಾರುತ್ತಿದೆ. ಎರಡೂ ಒಂದೇ, ಗದ್ದೆಯ ಕೊಕ್ಕರೆ. ಕುಳಿತಾಗ ಬಿಳುಪನ್ನು ಮಡಿಸಿಟ್ಟಿರುತ್ತದೆ, ಅಷ್ಟೆ. ಪೂರ್ತಿ ಬಿಳಿಯ ಬೆಳ್ಳಕ್ಕಿಗಳಲ್ಲಿ ಹಳದಿ ಕೊಕ್ಕಿನದು ಉಳುಮೆಯ ಹಿಂದೆ, ದನಗಳ ಹಿಂದೆ ಬರುವಂಥದು. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಬೆರಳಿನದು ನೀರಿನಂಚಿನದು. ಮಳೆಗಾಲದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದನ್ನು ನೋಡಿ ಬಂದವರಿಗೆ ಈ ಪಾಠ ಬೇಗ ಹಿಡಿಯುತ್ತದೆ.

ಕಣದ ಪಕ್ಕದಲ್ಲಿ ಕಂದು ಗೆರೆಗಳ ಸಣ್ಣ ಹಕ್ಕಿಗಳ ಗುಂಪು, ತಿಂಗಳು ಡಿಸೆಂಬರ್. ಹೆಣ್ಣು ಗುಬ್ಬಿಗಳೆಂದಿರಾ? ಕೊಕ್ಕು ಇನ್ನಷ್ಟು ದಪ್ಪ, ಬಾಲ ಇನ್ನಷ್ಟು ಗಿಡ್ಡ, ಇವು ಗೀಜಗಗಳು. ಗಂಡಿನ ಹಳದಿ ಟೊಪ್ಪಿಗೆ ಗೂಡು ಕಟ್ಟುವ ಮಳೆಗಾಲಕ್ಕೆ ಮಾತ್ರ. ತೋಟದ ಕಾಲುವೆಯ ಬಳಿಯ ಕಪ್ಪು ಹಕ್ಕಿಯ ಹಣೆ, ಹೆಗಲುಗಳು ಬಿಸಿಲು ಬಿದ್ದೊಡನೆ ನೀಲಿಯಾಗಿ ಹೊಳೆದರೆ ಅದು ಸರಳೆ ಸಿಳ್ಳಾರ. ಬೆಳಗಿನ ಜಾವ ಗುರಿಯಿಲ್ಲದೆ ಸಿಳ್ಳೆ ಹಾಕುತ್ತಾ ಹೋಗುವ ಹುಡುಗನ ದನಿ ಅದರದೇ. ಪೊದೆಯೊಳಗೆ ಇಟ್ಟಿಗೆ ಬಣ್ಣದ ರೆಕ್ಕೆ ಮಾತ್ರ ಕಂಡರೆ ಕೆಂಬೂತ. ಆಫ್ರಿಕಾದ ದೊಡ್ಡ ಬಸವನಹುಳುವನ್ನೂ ಇದು ತಿನ್ನುತ್ತದೆ. ತೋಟಕ್ಕೆ ಆ ಹುಳು ನುಗ್ಗಿದ ಕಡೆ ಪೊದೆಗಳನ್ನೆಲ್ಲ ಸವರಿ ಕೆಂಬೂತನನ್ನು ಓಡಿಸುವುದು ಜಾಣತನವಲ್ಲ.

ಈ ಆಟದಲ್ಲಿ ಓದಿದವರೇ ಗೆಲ್ಲುತ್ತಾರೆಂದು ತಿಳಿಯಬೇಡಿ. ಮರದ ತುದಿಯಿಂದ ಹಕ್ಕಿಯ ಬೆನ್ನನ್ನು ಕಂಡಿರುವ ಕೊನೆಗಾರನನ್ನು ಕೇಳಿ. ಬೆನ್ನಿನ ಚಿತ್ರಕ್ಕೆ ಅವನಷ್ಟು ಸರಿಯಾಗಿ ಉತ್ತರಿಸುವವರು ಕಡಿಮೆ. ಪುಸ್ತಕ ಬೇಕೆನ್ನುವವರಿಗೆ, ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ವರ್ಷಗಟ್ಟಲೆ ಹಕ್ಕಿಗಳ ಫೋಟೋ ತೆಗೆದ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದೆ. ಮೊಬೈಲಿನಲ್ಲೇ ಆಡಬೇಕೆನ್ನುವ ಮಕ್ಕಳಿಗೆ ‘ಈಬರ್ಡ್’ ತಾಣದಲ್ಲಿ ರಸಪ್ರಶ್ನೆಯಿದೆ. ಊರು, ದಿನಾಂಕ ಕೊಟ್ಟರೆ ಆ ಕಾಲಕ್ಕೆ ಆ ಕಡೆ ಕಾಣುವ ಹಕ್ಕಿಗಳ 20 ಚಿತ್ರಗಳನ್ನು ಅದು ಮುಂದಿಡುತ್ತದೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಿತ್ತಿಲ ಹಕ್ಕಿಗಳ ಗಣತಿ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದು 2013ರಿಂದ ಎಲ್ಲ ದೇಶಗಳಿಗೂ ತೆರೆದಿದೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಬರೆದರೆ ಸಾಕು. ಗುರುತು ಸಿಗದ ಹಕ್ಕಿಗೆ ಸುಮ್ಮನೆ ಒಂದು ಹೆಸರು ಅಂಟಿಸದೆ, ಗುರುತಾಗಲಿಲ್ಲವೆಂದೇ ಬಿಡಬೇಕು.

ಕೊನೆಯ ಚಿತ್ರ, ಜೂನ್ ತಿಂಗಳದು. ಕಾಗೆಯೊಂದು ಮೈತುಂಬ ಬಿಳಿ ಚುಕ್ಕೆಗಳಿರುವ ಕಂದು ಹಕ್ಕಿಯ ಬಾಯಿಗೆ ತುತ್ತಿಡುತ್ತಿದೆ. ಇದಕ್ಕೆ ಉತ್ತರ ನಿಮ್ಮ ಮನೆಯ ಅಜ್ಜಿಗೇ ಗೊತ್ತು: ಕೋಗಿಲೆಯ ಹೆಣ್ಣುಮರಿ.