ಇಲಿಯ ಉಬ್ಬಸಕ್ಕೆ ಯಾವ ಮಾತ್ರೆ?

ಸಾಕು ಇಲಿಯ ಉಸಿರು ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಎರಡೂ ಕೈಯಲ್ಲಿ ಎತ್ತಿ, ಪಕ್ಕೆಗೆ ಕಿವಿ ಕೊಟ್ಟು ಕೇಳಬೇಕು. ಆರೋಗ್ಯವಾಗಿರುವ ಇಲಿಯ ಉಸಿರಿಗೆ ಸದ್ದೇ ಇರುವುದಿಲ್ಲ. ಗೊರಗೊರ ಎಂದರೆ, ಸಿಳ್ಳೆ ಹೊಡೆದಂತೆ ಕೇಳಿಸಿದರೆ ಎದೆಯಲ್ಲಿ ಏನೋ ಶುರುವಾಗಿದೆ.

ಚೆನ್ನೈನ ತಿರುವೊಟ್ಟಿಯೂರಿನ ನಮ್ಮ ಮನೆಯಲ್ಲಿ ಮಗಳು ಸಾಕಿದ ಎರಡು ಇಲಿಗಳಿವೆ, ಚುಕ್ಕಿ ಮತ್ತು ಬೆಲ್ಲ. ಈ ಸಲದ ಮಳೆಗಾಲದಲ್ಲಿ ಬೆಲ್ಲದ ಮೂಗಿನ ಸುತ್ತ ಕೆಂಪು ಕಂಡು ಮಗಳು “ಅಮ್ಮಾ, ರಕ್ತ!” ಎಂದು ಅತ್ತಳು. ಅದು ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿರುವ ಗ್ರಂಥಿ ಸುರಿಸುವ ಪಾರ್ಫೈರಿನ್ ಎಂಬ ಕೆಂಪು ಪದಾರ್ಥ. ಕಾಯಿಲೆಯಾದಾಗ, ಹೆದರಿದಾಗ ಹೆಚ್ಚು ಸುರಿಯುತ್ತದೆ. ಅಷ್ಟರಲ್ಲಿ ಕೆಳಗಿನ ಮನೆಯಾಕೆ ಪ್ರೀತಿಯಿಂದಲೇ ಮೇಲೆ ಬಂದು, “ಅಕ್ಕಾ, ಮಗನಿಗೆ ತಂದ ಅಮಾಕ್ಸಿಸಿಲಿನ್ ಅರ್ಧ ಸ್ಟ್ರಿಪ್ ಉಳಿದಿದೆ, ಪುಡಿ ಮಾಡಿ ಅನ್ನಕ್ಕೆ ಕಲಸಿ ಕೊಡಿ” ಎಂದರು. ನಾನು ಬೇಡವೆಂದೆ.

ಕಾರಣ ಹೇಳುತ್ತೇನೆ. ಸಾಕು ಇಲಿಗಳ ಉಸಿರಾಟದ ಕಾಯಿಲೆಯ ಹಿಂದೆ ಸಾಮಾನ್ಯವಾಗಿ ಇರುವುದು ಮೈಕೊಪ್ಲಾಸ್ಮಾ ಪಲ್ಮೊನಿಸ್ ಎಂಬ ಬ್ಯಾಕ್ಟೀರಿಯಾ. ಬಹುಪಾಲು ಇಲಿಗಳಿಗೆ ಇದು ಮರಿಯಾಗಿದ್ದಾಗಲೇ ತಾಯಿಯಿಂದ ಅಂಟಿರುತ್ತದೆ. ಇದಕ್ಕೆ ಜೀವಕೋಶದ ಭಿತ್ತಿಯೇ ಇಲ್ಲ. ಅಮಾಕ್ಸಿಸಿಲಿನ್ ಸೇರಿದಂತೆ ಪೆನಿಸಿಲಿನ್ ಕುಲದ ಔಷಧಗಳು ಕೊಲ್ಲುವುದು ಆ ಭಿತ್ತಿಯನ್ನು ಕಟ್ಟಲು ಬಿಡದೆ. ಗೋಡೆಯೇ ಇಲ್ಲದ ಮನೆಗೆ ಗೋಡೆ ಕೆಡವುವವರನ್ನು ಕರೆತಂದರೆ ಏನು ಪ್ರಯೋಜನ? ಜೊತೆಗೆ ನ್ಯುಮೊಕಾಕಸ್‌ನಂಥ ಬೇರೆ ಸೋಂಕು ಸೇರಿಕೊಂಡಿದ್ದರೆ ವೈದ್ಯರು ಅಮಾಕ್ಸಿಸಿಲಿನ್ ಬರೆಯಬಹುದು, ಅದು ಬೇರೆ ಮಾತು. ಮೈಕೊಪ್ಲಾಸ್ಮಾಕ್ಕೆ ಅವರು ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್, ಎನ್ರೋಫ್ಲಾಕ್ಸಸಿನ್, ಕೆಲವೊಮ್ಮೆ ಎರಡೂ ಕೂಡಿ, ಹಲವು ವಾರ. ಎನ್ರೋಫ್ಲಾಕ್ಸಸಿನ್ ಬೆಳೆಯುವ ಮರಿಗಳ ಕೀಲಿನ ಮೃದ್ವಸ್ಥಿಗೆ ಹಾನಿ ಮಾಡಬಲ್ಲದು, ಹಾಗಾಗಿ ವಯಸ್ಸನ್ನೂ ನೋಡಬೇಕು. ಇಷ್ಟೆಲ್ಲ ಮಾಡಿದರೂ ಬ್ಯಾಕ್ಟೀರಿಯಾ ಪೂರ್ತಿ ತೊಲಗುವುದಿಲ್ಲ. ಅದರ ಕಾಟ ತಗ್ಗಿ ಇಲಿ ನೆಮ್ಮದಿಯಾಗಿ ಉಸಿರಾಡುತ್ತದೆ, ಅಷ್ಟೆ. ಇದನ್ನು ಮೊದಲೇ ತಿಳಿದಿದ್ದರೆ, ಸೀನಿದಾಗಲೆಲ್ಲ ಮಾತ್ರೆ ಬದಲಿಸುವ ಗೀಳು ಹತ್ತುವುದಿಲ್ಲ.

ಅಳತೆಯದೂ ದೊಡ್ಡ ಪ್ರಶ್ನೆ. ನಮ್ಮ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲಿನಲ್ಲಿ 100 ಮಿಲಿಗ್ರಾಂ ಔಷಧ ಇರುತ್ತದೆ. 300 ಗ್ರಾಂ ತೂಗುವ ಇಲಿಗೆ ಬೇಕಾದದ್ದು ಕೆಲವೇ ಮಿಲಿಗ್ರಾಂ. ಚಿಟಿಕೆ ಲೆಕ್ಕದಲ್ಲಿ ಅದನ್ನು ಹಂಚಲಾಗದು. ಕುಡಿಯುವ ನೀರಿಗೆ ಬೆರೆಸಿದರೆ ಎಷ್ಟು ಕುಡಿಯಿತೆಂದು ಗೊತ್ತಾಗುವುದಿಲ್ಲ. ಹಾಲು ಮೊಸರಿನಲ್ಲಿ ಕೊಟ್ಟರೆ ಅದರ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್, ಎನ್ರೋಫ್ಲಾಕ್ಸಸಿನ್ ಎರಡನ್ನೂ ಹಿಡಿದಿಟ್ಟು ಪೂರ್ತಿಯಾಗಿ ಮೈಗೆ ಹತ್ತದಂತೆ ಮಾಡುತ್ತದೆ.

ಉಳಿದ ಮಾತ್ರೆಗೆ ನಾನು ಹೆದರಲು ಇನ್ನೊಂದು ಕಾರಣವಿದೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುವವಳು. ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಮೇಲೆ ಆ್ಯಂಟಿಬಯಾಟಿಕ್ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟು, ಮಾರನೆಯ ದಿನ ಅವುಗಳ ಸುತ್ತ ಮೂಡಿದ ಖಾಲಿ ವೃತ್ತವನ್ನು ಅಳೆಯುವುದು ನನ್ನ ಕೆಲಸ. ವೃತ್ತ ದೊಡ್ಡದಿದ್ದರೆ ಔಷಧ ನಾಟುತ್ತದೆ. ವೃತ್ತವೇ ಇಲ್ಲದ ಪ್ಲೇಟು ಕೈಗೆ ಬಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ಪ್ಲೇಟಿನ ಮೇಲೆ ಬರೆದ ಹೆಸರಿನ ಹಿಂದೆ ವಾರ್ಡಿನಲ್ಲಿ ಒಬ್ಬ ಮನುಷ್ಯ ಮಲಗಿರುತ್ತಾನೆ. ಕಾರ್ಬಪೆನೆಮ್‌ನಂಥ ಕೊನೆಯ ಅಸ್ತ್ರಗಳನ್ನೂ ನಿಷ್ಫಲಗೊಳಿಸುವ ಎನ್‌ಡಿಎಂ-1 ಕಿಣ್ವದ ಬಗ್ಗೆ 2010ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ನಮ್ಮ ಚೆನ್ನೈನಿಂದಲೇ 44 ಮಾದರಿಗಳಿದ್ದವು. 2012ರ ಆಗಸ್ಟ್‌ನಲ್ಲಿ ದೇಶದ ವೈದ್ಯಕೀಯ ಸಂಘಗಳು ಇದೇ ಊರಿನಲ್ಲಿ ಸೇರಿ, ಆ್ಯಂಟಿಬಯಾಟಿಕ್‌ಗಳ ಬೇಕಾಬಿಟ್ಟಿ ಬಳಕೆಗೆ ಕಡಿವಾಣ ಹಾಕಬೇಕೆಂದು ‘ಚೆನ್ನೈ ಘೋಷಣೆ’ ಸಿದ್ಧಪಡಿಸಿದವು. ಡಾಕ್ಸಿಸೈಕ್ಲಿನ್ ಇಲಿಗೂ ನಮಗೂ ಒಂದೇ. ಅರೆಬರೆ ಅಳತೆಯಲ್ಲಿ ಕೊಟ್ಟರೆ ಇಲಿಯ ಕರುಳಿನಲ್ಲಿ ಬದುಕುಳಿಯುವ ಬ್ಯಾಕ್ಟೀರಿಯಾ ಗೂಡು ತೊಳೆಯುವ ಮಗುವಿನ ಕೈಗೂ ಬರಬಲ್ಲದು.

ಔಷಧಕ್ಕಿಂತ ಮೊದಲು ಗೂಡಿನ ಗಾಳಿ ನೋಡಬೇಕು. ಇಲಿಯ ಮೂತ್ರ ಕೊಳೆತು ಅಮೋನಿಯಾ ಆಗುತ್ತದೆ. ಅದು ಶ್ವಾಸನಾಳದ ಒಳಪದರವನ್ನು ಕೆಡಿಸಿ ಮೈಕೊಪ್ಲಾಸ್ಮಾಕ್ಕೆ ದಾರಿ ಮಾಡಿಕೊಡುತ್ತದೆ. 2023ರ ಡಿಸೆಂಬರ್ 26ರ ರಾತ್ರಿ ಇಲ್ಲೇ ಉತ್ತರಕ್ಕಿರುವ ಎಣ್ಣೂರಿನಲ್ಲಿ, ಸಮುದ್ರದೊಳಗಿನ ಕೊಳವೆಯಿಂದ ಅಮೋನಿಯಾ ಸೋರಿ ಪೆರಿಯಕುಪ್ಪಂ ಸುತ್ತಲಿನ ಜನ ಮನೆ ಬಿಟ್ಟು ಓಡಿದರು, ಹಲವರು ಆಸ್ಪತ್ರೆ ಸೇರಿದರು. ಅಮೋನಿಯಾ ಗಂಟಲಿಗೆ ಏನು ಮಾಡುತ್ತದೆಂದು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲಿಗೆ ಓಡಲು ಜಾಗವಿಲ್ಲ. ಕಡಲ ತೇವದ ನಮ್ಮ ಊರಲ್ಲಿ ಹಾಸು ಬೇಗ ಒಣಗುವುದೂ ಇಲ್ಲ. ಹಾಗಾಗಿ ಒದ್ದೆಯಾದ ಹಾಸನ್ನು ದಿನವೂ ತೆಗೆಯಬೇಕು. ಮರದಂಗಡಿಯ ಹೊಟ್ಟಿನ ಬದಲು ಹಳೆಯ ಹತ್ತಿ ಬಟ್ಟೆಯೋ ಕಾಗದವೋ ಹಾಸಬೇಕು. ಗೂಡಿನ ಬಳಿ ಊದುಬತ್ತಿ, ಸೊಳ್ಳೆ ಬತ್ತಿ ಹಚ್ಚಲೇಬಾರದು. ಹೊಸದಾಗಿ ತಂದ ಇಲಿ ಒಂದೆರಡು ದಿನ ಸೀನುತ್ತ, ತಿಂದುಂಡು ಚುರುಕಾಗಿದ್ದರೆ ಹಲವು ಸಲ ಇಷ್ಟೇ ಸಾಕಾಗುತ್ತದೆ.

ಆದರೆ ಇಲಿ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಅದು ಬಾಯಿ ತೆರೆದು ಉಸಿರೆಳೆದರೆ, ಪಕ್ಕೆಗಳು ಒಳಕ್ಕೆ ಸೇದಿಕೊಂಡರೆ, ತಿನ್ನುವುದನ್ನು ಬಿಟ್ಟರೆ ಅಂದೇ ವೈದ್ಯರ ಬಳಿ ಒಯ್ಯಿರಿ. ಚೆನ್ನೈನಲ್ಲಿರುವವರಿಗೆ ವೇಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೊರಡುವ ಮುಂಚೆ ಇಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ, ಉಸಿರಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೆದುಕೊಟ್ಟ ಔಷಧವನ್ನು ಇಲಿ ಚೇತರಿಸಿಕೊಂಡಂತೆ ಕಂಡರೂ ಹೇಳಿದಷ್ಟು ದಿನ ಕೊಡಿ. ಮನೆಯಲ್ಲಿ ಉಳಿದ ಅರ್ಧ ಸ್ಟ್ರಿಪ್ಪನ್ನು ಮಾತ್ರ ಯಾರಿಗೂ ಕೊಡಬೇಡಿ, ಇಲಿಗೂ ಬೇಡ, ನೆರೆಮನೆಯವರಿಗೂ ಬೇಡ.