ಸೀಸೆಯಲ್ಲಿಟ್ಟ ಗಾಳಿ

ಅನ್ನ ಬೆಂದಿದೆಯೇ ಎಂಬುದನ್ನು ತಿಳಿಯಲು ಪಾತ್ರೆಯ ಅನ್ನವನ್ನೆಲ್ಲ ಹಿಸುಕಿ ನೋಡಬೇಕಾಗಿಲ್ಲ. ಒಂದು ಅಗುಳು ಸಾಕು. ವಿಜ್ಞಾನಿಯೂ ಈ ನ್ಯಾಯವನ್ನೇ ಅನುಸರಿಸುತ್ತಾನೆ. ಕೆರೆಯ ನೀರನ್ನು ಪರೀಕ್ಷಿಸಲು ಒಂದು ಸೀಸೆ ನೀರನ್ನೂ, ಹೊಲದ ಮಣ್ಣನ್ನು ಪರೀಕ್ಷಿಸಲು ಒಂದು ಹಿಡಿ ಮಣ್ಣನ್ನೂ ತರುತ್ತಾನೆ. ಹೀಗೆ ತಂದ ಅಂಶಕ್ಕೆ ‘ಮಾದರಿ’ ಎಂದು ಹೆಸರು. ಆದರೆ ಭೂಮಿಯನ್ನೆಲ್ಲ ಸುತ್ತುವರಿದಿರುವ ವಾಯುಮಂಡಲವನ್ನು ಪರೀಕ್ಷಿಸಬೇಕಾದಾಗ ಎರಡು ತೊಡಕುಗಳು ಎದುರಾಗುತ್ತವೆ. ಯಾವ ಎಡೆಯ ಗಾಳಿಯನ್ನು ಹಿಡಿಯಬೇಕು ಎಂಬುದು ಮೊದಲನೆಯದು; ಯಾವ ದಿನದ ಗಾಳಿಯನ್ನು ಹಿಡಿಯಬೇಕು ಎಂಬುದು ಎರಡನೆಯದು. ಪಾತ್ರೆಯ ಅನ್ನ ಒಮ್ಮೆ ಬೆಂದರೆ ಮುಗಿಯಿತು. ವಾಯುಮಂಡಲವಾದರೋ ವರ್ಷದಿಂದ ವರ್ಷಕ್ಕೆ ಬದಲಾಗುತ್ತಲೇ ಇರುವುದು. ೧೯೭೮ನೆಯ ಇಸವಿಯ ಗಾಳಿ ಬೇಕೆಂದು ಇಂದು ಯಾರಾದರೂ ಕೇಳಿದರೆ ಅದನ್ನು ಎಲ್ಲಿಂದ ತರುವುದು?

ಆಶ್ಚರ್ಯದ ಸಂಗತಿಯೆಂದರೆ, ೧೯೭೮ರ ಗಾಳಿ ಇಂದಿಗೂ ಇದೆ. ಅದನ್ನು ಆಸ್ಟ್ರೇಲಿಯದಲ್ಲಿ ಉಕ್ಕಿನ ಪಾತ್ರೆಗಳಲ್ಲಿ ತುಂಬಿ ಜೋಪಾನವಾಗಿ ಇಟ್ಟಿದ್ದಾರೆ. ಅಷ್ಟೇ ಅಲ್ಲ, ಧ್ರುವಪ್ರದೇಶಗಳಿಂದ ಮೊದಲುಗೊಂಡು ನಡುಗಡಲ ದ್ವೀಪಗಳವರೆಗೆ ಲೋಕದ ನಾನಾ ಠಾಣೆಗಳಲ್ಲಿ ಹಿಡಿದ ಗಾಳಿಯ ಲೆಕ್ಕವನ್ನೆಲ್ಲ ಅಂತರ್ಜಾಲದ ಭಂಡಾರಗಳಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಈ ಭಂಡಾರಗಳು ಹೇಗೆ ಹುಟ್ಟಿದವು, ಅವುಗಳಲ್ಲಿ ಹುಡುಕುವ ಬಗೆ ಯಾವುದು, ಹಾಗೆ ಹುಡುಕಿದುದರಿಂದ ಲೋಕಕ್ಕೆ ಆದ ಪ್ರಯೋಜನವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲ ಸೀಸೆಗಳು

೧೯೫೦ರ ದಶಕದ ಮಧ್ಯದಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ಅಮೆರಿಕದ ತರುಣ ರಸಾಯನಶಾಸ್ತ್ರಜ್ಞನು ಒಳಗಿನ ಗಾಳಿಯನ್ನೆಲ್ಲ ಹೊರತೆಗೆದ ಗಾಜಿನ ಸೀಸೆಗಳನ್ನು ಹೊತ್ತು ಕಾಡು, ಬೆಟ್ಟ, ಕಡಲತೀರಗಳಲ್ಲಿ ಸುತ್ತಿದನು. ಬಿರಡೆಯನ್ನು ತಿರುಗಿಸಿದೊಡನೆ ಹೊರಗಿನ ಗಾಳಿ ಬರಿದಾದ ಸೀಸೆಯೊಳಕ್ಕೆ ನುಗ್ಗುವುದು. ಕೂಡಲೇ ಮುಚ್ಚಿ, ಪ್ರಯೋಗಶಾಲೆಗೆ ಒಯ್ದು, ಅದರಲ್ಲಿರುವ ಕಾರ್ಬನ್ ಡೈ ಆಕ್ಸೈಡನ್ನು ಅಳೆಯುವುದು ಅವನ ಕ್ರಮ. ಬಿರಡೆಯನ್ನು ತಿರುಗಿಸುವಾಗ ಉಸಿರನ್ನು ಬಿಗಿಹಿಡಿಯಬೇಕಾಗಿತ್ತು. ಏಕೆಂದರೆ ನಾವು ಹೊರಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಈ ಅನಿಲವೇ ಇರುತ್ತದೆ; ಇದು ಬಯಲ ಗಾಳಿಯಲ್ಲಿರುವುದರ ನೂರರಷ್ಟು. ಒಂದು ನಿಟ್ಟುಸಿರು ಬೆಟ್ಟದ ಮಾದರಿಯನ್ನು ಕೆಡಿಸಲು ಸಾಕು!

೧೯೫೮ರ ಮಾರ್ಚಿ ತಿಂಗಳಿನಲ್ಲಿ ಹವಾಯಿಯ ಮೌನಾ ಲೋವಾ ಎಂಬ ಅಗ್ನಿಪರ್ವತದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು ೩,೪೦೦ ಮೀಟರು ಎತ್ತರದಲ್ಲಿ, ಕೀಲಿಂಗನ ಯಂತ್ರವು ಎಡೆಬಿಡದೆ ಅಳೆಯತೊಡಗಿತು. ೧೯೫೯ರಲ್ಲಿ ಅಲ್ಲಿಯ ವಾರ್ಷಿಕ ಸರಾಸರಿ ಸುಮಾರು ೩೧೬ ಇದ್ದುದು ೨೦೨೪ರಲ್ಲಿ ೪೨೪ನ್ನು ದಾಟಿತು. ೩೧೬ ಎಂದರೇನು? ನೀರಾವಿಯನ್ನು ತೆಗೆದ ಒಣ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ೩೧೬ ಅಣುಗಳು ಕಾರ್ಬನ್ ಡೈ ಆಕ್ಸೈಡಿನವು ಎಂದರ್ಥ. ಒಂದು ಘನ ಮೀಟರಿನಲ್ಲಿ ಇಷ್ಟು ಗ್ರಾಂ ಎಂದು ಏಕೆ ಹೇಳಬಾರದೆಂದು ವಿದ್ಯಾರ್ಥಿಗಳು ಕೇಳಬಹುದು. ಬೆಟ್ಟವನ್ನೇರಿದಂತೆ ಒತ್ತಡ ಕುಗ್ಗಿ ಗಾಳಿ ಹಿಗ್ಗುವುದು, ಬಿಸಿಲೇರಿದರೂ ಹಿಗ್ಗುವುದು. ಆಗ ಘನ ಮೀಟರಿನಲ್ಲಿರುವ ತೂಕ ಬದಲಾದರೂ ಅಣುಗಳ ಪ್ರಮಾಣ ಬದಲಾಗುವುದಿಲ್ಲ. ಆದುದರಿಂದಲೇ ಧ್ರುವದ ಚಳಿಯ ಗಾಳಿಯನ್ನೂ ಹವಾಯಿಯ ಬೆಟ್ಟದ ಗಾಳಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯಲು ಸಾಧ್ಯವಾಗಿದೆ.

ಬೆಲೆಬಾಳುವ ಯಂತ್ರವನ್ನು ಎಲ್ಲೆಡೆಯೂ ಇಡಲಾಗದು. ಸೀಸೆಯನ್ನಾದರೋ ಎಲ್ಲಿಗೆ ಬೇಕಾದರೂ ಕಳುಹಿಸಬಹುದು. ಈ ಸರಳವಾದ ಉಪಾಯದ ಮೇಲೆಯೇ ಜಗತ್ತಿನ ಠಾಣೆಗಳ ಬಲೆ ಬೆಳೆಯಿತು. ಅಮೆರಿಕದ ಬೌಲ್ಡರ್ ನಗರದಲ್ಲಿರುವ ಸರ್ಕಾರದ ಪ್ರಯೋಗಶಾಲೆಗೆ ಅಲಾಸ್ಕದ ಬ್ಯಾರೋದಿಂದಲೂ, ದಕ್ಷಿಣ ಧ್ರುವದಿಂದಲೂ, ಇನ್ನೂ ಹತ್ತಾರು ಠಾಣೆಗಳಿಂದಲೂ ಗಾಜಿನ ಸೀಸೆಗಳು ಬರುತ್ತವೆ. ಪ್ರತಿ ಬಾರಿಯೂ ಜೋಡಿ ಸೀಸೆಗಳನ್ನು ಒಟ್ಟಿಗೆ ತುಂಬುವುದು ವಾಡಿಕೆ. ಎರಡರ ಅಳತೆಗಳೂ ಒಪ್ಪಿದರೆ ಮಾದರಿಯನ್ನು ನಂಬಬಹುದು; ಒಪ್ಪದಿದ್ದರೆ ಎಲ್ಲಿಯೋ ಸೋರಿಕೆಯೋ ಕೈತಪ್ಪೋ ಆಗಿದೆಯೆಂದು ತಿಳಿಯುತ್ತದೆ.

ಮುಂದಿನ ಪ್ರಶ್ನೆಗಾಗಿ ಇಟ್ಟದ್ದು

ಅಳೆದಾದ ಮೇಲೆ ಬರಿದು ಮಾಡಿದ ಸೀಸೆಯಿಂದ ಉಳಿಯುವುದು ಒಂದು ಸಂಖ್ಯೆ ಮಾತ್ರ. ಅಂದು ಯಾವ ಅನಿಲವನ್ನು ಅಳೆದಿದ್ದೆವೋ ಅದರ ವಿಚಾರವನ್ನು ಮಾತ್ರ ಆ ಸಂಖ್ಯೆ ಹೇಳಬಲ್ಲದು. ಮುಂದೆ ಹೊಸ ಪ್ರಶ್ನೆಯೊಂದು ಹುಟ್ಟಿದರೆ ಗತಿಯೇನು? ಟಾಸ್ಮೇನಿಯದ ವಾಯವ್ಯ ತುದಿಯಲ್ಲಿರುವ ಕೇಪ್ ಗ್ರಿಮ್ ಠಾಣೆಯವರು ಈ ಕುಂದನ್ನು ಮುಂಚಿತವಾಗಿಯೇ ಕಂಡುಕೊಂಡರು. ೧೯೭೬ರಲ್ಲಿ ಆರಂಭವಾದ ಈ ಠಾಣೆಯಲ್ಲಿ ೧೯೭೮ರಿಂದ ವರ್ಷಕ್ಕೆ ಕೆಲವು ಪಾತ್ರೆಗಳಂತೆ ಗಾಳಿಯನ್ನು ಶೇಖರಿಸಿಡಲಾಗುತ್ತಿದೆ.

ಶೇಖರಿಸುವ ವಿಧಾನವೂ ರಮ್ಯವಾಗಿದೆ. ತುಕ್ಕು ಹಿಡಿಯದ ಉಕ್ಕಿನ ೩೫ ಲೀಟರಿನ ಪಾತ್ರೆಯನ್ನು ದ್ರವ ಸಾರಜನಕದಲ್ಲಿ ತಣಿಸುತ್ತಾರೆ. ಅದರ ಉಷ್ಣತೆ ಸೊನ್ನೆಗಿಂತ ೧೯೬ ಡಿಗ್ರಿ ಸೆಲ್ಸಿಯಸ್ ಕೆಳಗೆ. ಒಳಗೆ ಹರಿದ ಗಾಳಿ ಆ ಚಳಿಗೆ ದ್ರವವಾಗಿ ಕೂಡಿಕೊಳ್ಳುವುದು. ಬಳಿಕ ಬಾಯನ್ನು ಬಿಗಿದು ಪಾತ್ರೆಯನ್ನು ಹೊರಗಿಟ್ಟರೆ ದ್ರವವೆಲ್ಲ ಮತ್ತೆ ಅನಿಲವಾಗಿ, ಸುಮಾರು ಸಾವಿರ ಲೀಟರಿನಷ್ಟು ಬಯಲ ಗಾಳಿ ಆ ಚಿಕ್ಕ ಪಾತ್ರೆಯಲ್ಲಿ ಒತ್ತಡಕ್ಕೊಳಗಾಗಿ ನಿಲ್ಲುತ್ತದೆ. ಅದೂ ಎಲ್ಲ ಹೊತ್ತಿನಲ್ಲಿಯೂ ಹಿಡಿದ ಗಾಳಿಯಲ್ಲ. ನೈಋತ್ಯದ ಕಡೆಯಿಂದ, ಸಾವಿರಾರು ಮೈಲಿ ನೆಲವನ್ನೇ ಸೋಕದೆ ದಕ್ಷಿಣ ಸಾಗರದ ಮೇಲೆ ಬೀಸಿ ಬಂದ ಗಾಳಿಯನ್ನು ಮಾತ್ರ ಆರಿಸಿ ತುಂಬುತ್ತಾರೆ. ಊರ ಹೊಗೆ ಬೆರೆಯದ ಆ ಗಾಳಿಯೇ ದಕ್ಷಿಣಾರ್ಧಗೋಳದ ನಿಜವಾದ ಅಗುಳು.

ಈ ದೂರದೃಷ್ಟಿಯ ಫಲವು ೨೦೧೪ರಲ್ಲಿ ಎದ್ದು ಕಂಡಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಓಜೋನ್ ಪದರಕ್ಕೆ ಹಾನಿ ಮಾಡುವ, ಅಲ್ಲಿಯವರೆಗೆ ವಾಯುಮಂಡಲದಲ್ಲಿ ಯಾರೂ ಗುರುತಿಸದಿದ್ದ ನಾಲ್ಕು ಅನಿಲಗಳನ್ನು ಪತ್ತೆಮಾಡಿದರು. ಅವು ಎಂದಿನಿಂದ ಹೆಚ್ಚುತ್ತಿವೆ ಎಂಬ ಪ್ರಶ್ನೆಗೆ ಉತ್ತರ ಹೇಳಿದ ಸಾಕ್ಷಿಗಳಲ್ಲಿ ಕೇಪ್ ಗ್ರಿಮ್ಮಿನ ಪಾತ್ರೆಗಳೂ ಸೇರಿದ್ದವು. ೧೯೭೮ರಲ್ಲಿ ಆ ಪಾತ್ರೆಯನ್ನು ತುಂಬಿದವರಿಗೆ ಈ ಅನಿಲಗಳು ಗಾಳಿಯಲ್ಲಿ ಇವೆಯೆಂಬುದೇ ತಿಳಿದಿರಲಿಲ್ಲ. ಆದರೂ ಅವರು ಉತ್ತರವನ್ನು ಪಾತ್ರೆಯಲ್ಲಿಟ್ಟು ಹೋಗಿದ್ದರು!

ಹುಡುಕುವ ಬಗೆ

ಪಾತ್ರೆಗಳನ್ನು ನಾವು ಮುಟ್ಟಲಾರೆವು. ಆದರೆ ಮಾದರಿಗಳಿಂದ ಪಡೆದ ಅಳತೆಗಳು ಎಲ್ಲರಿಗೂ ತೆರೆದಿವೆ. ಬೌಲ್ಡರಿನ ಪ್ರಯೋಗಶಾಲೆಯ ಭಂಡಾರ ಒಂದು. ಜಪಾನಿನ ಹವಾಮಾನ ಇಲಾಖೆಯವರು ವಿಶ್ವ ಹವಾಮಾನ ಸಂಸ್ಥೆಯ ಪರವಾಗಿ ೧೯೯೦ರಿಂದ ಟೋಕಿಯೋದಲ್ಲಿ ನಡೆಸುತ್ತಿರುವ ಹಸಿರುಮನೆ ಅನಿಲಗಳ ವಿಶ್ವಕೇಂದ್ರ ಇನ್ನೊಂದು.

ಹುಡುಕುವಾತನು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕು: ಯಾವ ಅನಿಲ, ಯಾವ ಠಾಣೆ, ಯಾವ ಕಾಲ, ಸೀಸೆಯ ಮಾದರಿಯೋ ಎಡೆಬಿಡದೆ ಅಳೆಯುವ ಯಂತ್ರದ ಅಳತೆಯೋ. ಪ್ರತಿ ಠಾಣೆಗೂ ಮೂರಕ್ಷರದ ಸಂಕೇತವುಂಟು. ಮೌನಾ ಲೋವಾ ‘ಎಂ.ಎಲ್.ಓ.’, ದಕ್ಷಿಣ ಧ್ರುವ ‘ಎಸ್.ಪಿ.ಓ.’, ಕೇಪ್ ಗ್ರಿಮ್ ‘ಸಿ.ಜಿ.ಓ.’. ಆರಿಸಿದೊಡನೆ ಗಣಕಯಂತ್ರದ ತೆರೆಯ ಮೇಲೆ ಸಾಲುಸಾಲಾಗಿ ಅಂಕಿಗಳು ಬರುತ್ತವೆ. ಇಲ್ಲಿ ಆತುರ ಕೂಡದು. ಅಂಕಿಗಿಂತ ಮೊದಲು ಅದರ ಹಣೆಪಟ್ಟಿಯನ್ನು ಓದಬೇಕು.

ಒಂದು ಉದಾಹರಣೆ. ಸಾಲುಗಳ ನಡುವೆ ‘-೯೯೯.೯೯’ ಎಂಬ ಸಂಖ್ಯೆ ಕಂಡರೆ ಅದು ಅಳತೆಯಲ್ಲ; ‘ಇಲ್ಲಿ ಅಳತೆಯಿಲ್ಲ’ ಎಂಬುದರ ಗುರುತು. ಅದನ್ನೂ ಸೇರಿಸಿ ಸರಾಸರಿ ತೆಗೆದವನಿಗೆ ವಾಯುಮಂಡಲವೇ ಮಾಯವಾದಂತೆ ತೋರೀತು! ಇನ್ನು ಕಾಲವನ್ನು ಗ್ರೀನಿಚ್ಚಿಗೆ ಸರಿಹೊಂದುವ ವಿಶ್ವಕಾಲದಲ್ಲಿ ಬರೆದಿರುತ್ತಾರೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ಬೌಲ್ಡರಿನ ಪಟ್ಟಿಗಳಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿಯೂ ಮೂರು ಗುರುತುಗಳಿರುತ್ತವೆ. ಮೊದಲನೆಯ ಸ್ಥಾನದಲ್ಲಿ ಚುಕ್ಕೆಯ ಬದಲು ಬೇರೆ ಗುರುತಿದ್ದರೆ ಆ ಅಳತೆ ತಿರಸ್ಕೃತವೆಂದು ಅರ್ಥ. ಎರಡನೆಯದರಲ್ಲಿದ್ದರೆ ಅಳತೆ ಸರಿಯೇ, ಆದರೆ ಅಂದಿನ ಗಾಳಿ ಆ ವಲಯದ ಶುದ್ಧ ಗಾಳಿಗೆ ಪ್ರತಿನಿಧಿಯಲ್ಲ. ತಿರಸ್ಕರಿಸಿದ ಅಳತೆಯನ್ನೂ ಅಳಿಸಿಬಿಡದೆ, ಗುರುತು ಹಾಕಿ ಉಳಿಸಿಕೊಂಡಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪ್ರಯೋಗದ ಪುಸ್ತಕದಲ್ಲಿ ‘ಸರಿಬಾರದ’ ಅಂಕಿಯನ್ನು ಅಳಿಸಿ ಬರೆಯುವ ಅಭ್ಯಾಸವುಳ್ಳವರಿಗೆ ಇದೊಂದು ಪಾಠ.

ಹಣೆಪಟ್ಟಿಯ ಮಹತ್ವವನ್ನು ಮೌನಾ ಲೋವಾದ ಪಟ್ಟಿಯೇ ಸಾರುತ್ತದೆ. ೨೦೨೨ರ ನವೆಂಬರಿನಲ್ಲಿ ಅಗ್ನಿಪರ್ವತವು ಕೆರಳಿ, ಲಾವಾರಸ ಹರಿದು, ಠಾಣೆಯ ರಸ್ತೆಯೂ ವಿದ್ಯುತ್ತಂತಿಯೂ ಕಡಿದುಹೋದವು. ಆಗ ಅಳತೆಯನ್ನು ನೆರೆಯ ಮೌನಾ ಕೇಯ ಪರ್ವತದಲ್ಲಿ ಮುಂದುವರಿಸಿದರು. ೨೦೨೨ರ ಡಿಸೆಂಬರಿನಿಂದ ೨೦೨೩ರ ಜುಲೈ ಮೊದಲವರೆಗಿನ ಅಂಕಿಗಳು ಅಲ್ಲಿಯವು. ಪಟ್ಟಿಯ ಟಿಪ್ಪಣಿಯನ್ನು ಓದದವನಿಗೆ ಇದು ತಿಳಿಯುವುದೇ ಇಲ್ಲ.

ಕಳ್ಳ ಅನಿಲದ ಪತ್ತೆ

ಈ ಹುಡುಕಾಟದಿಂದ ಲೋಕಕ್ಕೆ ಆಗುವ ಲಾಭವೇನು? ಸಿಎಫ್‌ಸಿ-೧೧ ಎಂಬ ಅನಿಲದ ಕಥೆಯನ್ನು ಕೇಳಿದರೆ ಅದು ಮನದಟ್ಟಾಗುವುದು. ಶೈತ್ಯಯಂತ್ರಗಳಲ್ಲಿಯೂ, ಮೆತ್ತೆಯಂಥ ನೊರೆವಸ್ತುಗಳ ತಯಾರಿಕೆಯಲ್ಲಿಯೂ ಬಳಕೆಯಲ್ಲಿದ್ದ ಈ ಅನಿಲವು ಮೇಲಿನ ವಾಯುಮಂಡಲಕ್ಕೇರಿ ಅಲ್ಲಿಯ ಓಜೋನನ್ನು ನಾಶಮಾಡುವುದೆಂದು ತಿಳಿದ ಮೇಲೆ, ೧೯೮೭ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ರಾಷ್ಟ್ರಗಳು ಅದರ ಉತ್ಪಾದನೆಯನ್ನು ಹಂತಹಂತವಾಗಿ ಕೈಬಿಟ್ಟವು. ೨೦೧೦ರ ವೇಳೆಗೆ ಲೋಕದಲ್ಲೆಲ್ಲ ಅದು ನಿಂತಿರಬೇಕಾಗಿತ್ತು. ಓಜೋನ್ ಪದರವು ತೆಳುವಾದರೆ ಸೂರ್ಯನ ಅತಿನೇರಳೆ ಕಿರಣಗಳು ನೆಲಕ್ಕಿಳಿದು ಚರ್ಮಕ್ಕೂ ಕಣ್ಣಿಗೂ ಬೆಳೆಗೂ ಕೇಡು ತರುವುವಾದ್ದರಿಂದ ಇದು ಎಲ್ಲರಿಗೂ ಸೇರಿದ ವಿಷಯ.

೨೦೧೮ರಲ್ಲಿ ಬೌಲ್ಡರಿನ ವಿಜ್ಞಾನಿ ಸ್ಟೀಫನ್ ಮಾಂಟ್ಸ್‌ಕ ಮತ್ತು ಸಂಗಡಿಗರು ಠಾಣೆಗಳ ಅಳತೆಗಳನ್ನು ಹೋಲಿಸಿ ಒಂದು ವಿಪರೀತವನ್ನು ತೋರಿಸಿದರು. ಸಿಎಫ್‌ಸಿ-೧೧ ಇಳಿಯುತ್ತಲೇ ಇದ್ದಿತು. ಆದರೆ ೨೦೧೨ರ ಬಳಿಕ ಇಳಿಯುವ ವೇಗ ಮುಂಚಿನ ಅರ್ಧಕ್ಕೆ ಕುಗ್ಗಿತ್ತು. ಗಾಳಿಯ ಚಲನೆಯಲ್ಲಿ ಆದ ವ್ಯತ್ಯಾಸ ಇದಕ್ಕೆ ಕಾರಣವೋ, ಅಥವಾ ಯಾರಾದರೂ ಮತ್ತೆ ತಯಾರಿಸುತ್ತಿರುವರೋ? ಉತ್ತರವನ್ನು ಕೊಟ್ಟದ್ದು ಒಂದು ಸರಳವಾದ ಕಳೆಯುವ ಲೆಕ್ಕ. ಉತ್ತರಾರ್ಧಗೋಳದ ಗಾಳಿ ದಕ್ಷಿಣದ ಗಾಳಿಯೊಡನೆ ಬೆರೆಯಲು ಸುಮಾರು ಒಂದು ವರ್ಷ ಹಿಡಿಯುವುದು. ಆದುದರಿಂದ ಉತ್ತರದಲ್ಲಿ ಹೊಸದಾಗಿ ಅನಿಲ ಹೊರಬಿದ್ದರೆ ಉತ್ತರದ ಠಾಣೆಗಳ ಅಳತೆಗೂ ದಕ್ಷಿಣದ ಠಾಣೆಗಳ ಅಳತೆಗೂ ಇರುವ ಅಂತರ ಹೆಚ್ಚಬೇಕು. ಅಂತರ ಹೆಚ್ಚಿತ್ತು! ವರ್ಷಕ್ಕೆ ಸುಮಾರು ೧೩,೦೦೦ ಟನ್ನಿನಷ್ಟು ಅನಿಲ ಅಧಿಕವಾಗಿ ಹೊರಬೀಳುತ್ತಿದೆಯೆಂದು ಲೆಕ್ಕ ಹಾಕಿದರು. ಮೂಲವು ಪೂರ್ವ ಏಷ್ಯದಲ್ಲಿರಬೇಕೆಂಬ ಸೂಚನೆಯೂ ಸಿಕ್ಕಿತು.

೨೦೧೯ರಲ್ಲಿ ದಕ್ಷಿಣ ಕೊರಿಯದ ಗೋಸಾನ್ ಮತ್ತು ಜಪಾನಿನ ಹತೆರುಮ ಠಾಣೆಗಳ ಅಳತೆಗಳಿಂದ ಈ ಹೆಚ್ಚಳದ ದೊಡ್ಡ ಪಾಲು ಚೀನಾದ ಪೂರ್ವಭಾಗದ್ದೆಂದು ಗೊತ್ತಾಯಿತು. ಚೀನಾ ಸರ್ಕಾರವೂ ಕಾರ್ಖಾನೆಗಳ ತಪಾಸಣೆ ನಡೆಸಿತು. ೨೦೧೯ರ ವೇಳೆಗೆ ಅನಿಲದ ಹೊರಸೂಸುವಿಕೆ ಮತ್ತೆ ತಗ್ಗಿದುದನ್ನು ೨೦೨೧ರಲ್ಲಿ ಪ್ರಕಟವಾದ ಲೇಖನಗಳು ತಿಳಿಸಿದವು. ಕಾಗದದ ವರದಿಯಲ್ಲಿ ಸೊನ್ನೆಯೆಂದು ಬರೆಯಬಹುದು. ಆದರೆ ಗಾಳಿ ಸುಳ್ಳು ಹೇಳಲಾರದು.

ನಮ್ಮ ಕಡೆಯ ಗಾಳಿ

ಈ ಭಂಡಾರಗಳಲ್ಲಿ ನಮ್ಮ ಕರಾವಳಿಯ ಗಾಳಿಯೂ ಇದೆ. ಕಾರವಾರದಿಂದ ಉತ್ತರಕ್ಕೆ, ಗೋವೆಯ ಕಡಲಂಚಿನಲ್ಲಿರುವ ಕೇಪ್ ರಾಮದಿಂದ ೧೯೯೩ರಿಂದ ಸೀಸೆಗಳಲ್ಲಿ ಗಾಳಿಯನ್ನು ಹಿಡಿದು ಆಸ್ಟ್ರೇಲಿಯದ ಪ್ರಯೋಗಶಾಲೆಗೆ ಕಳುಹಿಸಲಾಗುತ್ತಿತ್ತು. ಆ ಅಳತೆಗಳಲ್ಲಿ ಮುಂಗಾರಿನ ಗುರುತು ಸ್ಪಷ್ಟವಾಗಿ ಕಾಣುವುದು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಸಾಗರದ ಮೇಲಿನಿಂದ, ಸಮಭಾಜಕ ವೃತ್ತದಾಚೆಯಿಂದ ಬರುವ ಗಾಳಿ ಶುದ್ಧವಾಗಿರುವುದು. ಚಳಿಗಾಲದಲ್ಲಿ ಈಶಾನ್ಯದಿಂದ ನೆಲದ ಮೇಲೆ ಹಾದು ಬರುವ ಗಾಳಿಯಲ್ಲಿ ಮೀಥೇನ್, ಕಾರ್ಬನ್ ಮಾನಾಕ್ಸೈಡುಗಳು ಹೆಚ್ಚಾಗಿರುವುವು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯಲ್ಲಿಯೂ, ಪುದುಚೇರಿ, ಪೋರ್ಟ್ ಬ್ಲೇರ್‌ಗಳಲ್ಲಿಯೂ ಇಂಥ ಸೀಸೆಗಳನ್ನು ತುಂಬಿದ್ದುಂಟು.

ಆದರೆ ಕೇಪ್ ರಾಮದ ಸಾಲು ೨೦೦೨ರಲ್ಲಿ ಕಡಿದು, ೨೦೦೯ರಲ್ಲಿ ಮತ್ತೆ ಕೆಲವು ಕಾಲ ನಡೆಯಿತು. ನಡುವಿನ ವರ್ಷಗಳ ಜಾಗ ಬರಿದು. ಹಣ ದೊರೆತರೆ ಯಂತ್ರವನ್ನು ನಾಳೆ ಕೊಳ್ಳಬಹುದು, ಠಾಣೆಯನ್ನು ನಾಳೆ ಕಟ್ಟಬಹುದು. ಆದರೆ ೨೦೦೫ರ ಆಷಾಢದಲ್ಲಿ ಆ ಬಂಡೆಯ ಮೇಲೆ ಬೀಸಿಹೋದ ಗಾಳಿಯನ್ನು ಯಾವ ಬೆಲೆಗೂ ಮತ್ತೆ ತರಲಾಗದು.

ಓದುಗರು ಒಂದು ಸಂಜೆ ಬಿಡುವು ಮಾಡಿಕೊಂಡು ಬ್ಯಾರೋ, ಮೌನಾ ಲೋವಾ, ದಕ್ಷಿಣ ಧ್ರುವ ಈ ಮೂರು ಠಾಣೆಗಳ ಕಾರ್ಬನ್ ಡೈ ಆಕ್ಸೈಡಿನ ತಿಂಗಳ ಸರಾಸರಿಗಳನ್ನು ಇಳಿಸಿಕೊಂಡು ಒಂದೇ ರೇಖಾಕಾಗದದ ಮೇಲೆ ಗುರುತಿಸಲಿ. ಮೂರು ಗೆರೆಗಳೂ ಏರುತ್ತಿರುವುದು ಕಾಣುವುದು. ಅದರ ಜೊತೆಗೆ ಬ್ಯಾರೋದ ಗೆರೆ ಪ್ರತಿ ವರ್ಷವೂ ಬಹಳವಾಗಿ ಏರಿಳಿಯುವುದೂ, ಮೌನಾ ಲೋವಾದ್ದು ಅದಕ್ಕಿಂತ ಕಡಿಮೆಯಾಗಿ, ದಕ್ಷಿಣ ಧ್ರುವದ್ದು ಅತ್ಯಲ್ಪವಾಗಿ ಅಲುಗುವುದೂ ಕಾಣುವುದು. ಬೇಸಗೆಯಲ್ಲಿ ಈ ಅನಿಲವನ್ನು ಹೀರಿ ಚಿಗುರುವ ಕಾಡುಗಳೂ ಹೊಲಗಳೂ ಹೆಚ್ಚಾಗಿ ಉತ್ತರಾರ್ಧಗೋಳದಲ್ಲಿಯೇ ಇರುವುದು ಇದಕ್ಕೆ ಕಾರಣ. ಭೂಮಿಯ ಉಸಿರಾಟವನ್ನು ಹೀಗೆ ಕೈಯಾರೆ ಬಿಡಿಸಿದವನು ಹಣೆಪಟ್ಟಿಯನ್ನು ಅಸಡ್ಡೆಯಿಂದ ಬರೆಯಲಾರನು; ಇಂದಿನ ಸೀಸೆಯನ್ನು ನಾಳೆಗೆ ಮುಂದೂಡಲೂ ಆರನು.